ಎದೆಬಡಿತ 140 ದಾಟಿದರೆ ಹೆಣ್ಣು ಮಗುವೇ? ಆ ಬಡಿತ ಕೇಳಲು ಕಲಿಸಿದ ಡಾಕ್ಟರ್ ಪಿನಾರ್ ಕಥೆ

ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ನಿಮಿಷಕ್ಕೆ 140ಕ್ಕಿಂತ ಹೆಚ್ಚಿದ್ದರೆ ಹೆಣ್ಣು, ಕಡಿಮೆ ಇದ್ದರೆ ಗಂಡು ಎನ್ನುವ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದು ಸುಳ್ಳು. ಗಂಡಾಗಲಿ ಹೆಣ್ಣಾಗಲಿ, ಹೆರಿಗೆ ಹೊತ್ತಿನಲ್ಲಿ ಬಡಿತ ಸಾಮಾನ್ಯವಾಗಿ 110ರಿಂದ 160ರ ನಡುವೆ ಏರಿಳಿಯುತ್ತಲೇ ಇರುತ್ತದೆ. ಬಡಿತ ತಿಳಿಸುವುದು ಬೇರೆಯದೇ ಸುದ್ದಿ: ಹೆರಿಗೆ ನೋವನ್ನು ಮಗು ತಡೆದುಕೊಳ್ಳುತ್ತಿದೆಯೇ ಇಲ್ಲವೇ ಎಂಬುದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಯಾದರೂ ಸರಿ, ಹಿರಿಯ ನರ್ಸಮ್ಮನನ್ನು ಕೇಳಿ ನೋಡಿ. ಆಲಿಕೆಯಂತೆ ಒಂದು ತುದಿ ಅಗಲವಾಗಿರುವ, ಗೇಣುದ್ದದ ಪುಟ್ಟ ಕೊಳವೆ ಅವರಿಗೆ ಗೊತ್ತಿರುತ್ತದೆ. ಅಗಲ ತುದಿ ಹೊಟ್ಟೆಗೆ, ಚಪ್ಪಟೆ ತುದಿ ಕಿವಿಗೆ. ಬ್ಯಾಟರಿ ಬೇಡ, ಕರೆಂಟ್ ಬೇಡ. ಇದನ್ನು 1895ರಲ್ಲಿ ರೂಪಿಸಿದವರು ಫ್ರಾನ್ಸಿನ ಅಡಾಲ್ಫ್ ಪಿನಾರ್. ನಮ್ಮ ಕಡೆ ‘ಪಿನಾರ್ಡ್’ ಎನ್ನುತ್ತಾರೆ, ಫ್ರೆಂಚರು ಕೊನೆಯ ಅಕ್ಷರ ನುಂಗುತ್ತಾರೆ, ಅಷ್ಟೇ.

ಪಿನಾರ್ ಹುಟ್ಟಿದ್ದು 1844ರಲ್ಲಿ, ಮೆರಿ-ಸುರ್-ಸೇನ್ ಎಂಬ ಸಣ್ಣ ಊರಿನಲ್ಲಿ. ಅಷ್ಟರಲ್ಲಾಗಲೇ ಗರ್ಭದೊಳಗಿನ ಬಡಿತ ಕೇಳಿಸುತ್ತದೆ ಎಂಬುದು ವೈದ್ಯರಿಗೆ ಗೊತ್ತಿತ್ತು. 1816ರಲ್ಲಿ ಲೇನೆಕ್ ಸ್ಟೆತಾಸ್ಕೋಪ್ ಕಂಡುಹಿಡಿದರು. 1821ರಲ್ಲಿ ಕೆರ್ಗಾರಡೆಕ್ ಎಂಬ ವೈದ್ಯರು ಗರ್ಭದ ನೀರು ಅಲುಗಾಡುವ ಸದ್ದು ಕೇಳಲು ಹೋಗಿ, ಗಡಿಯಾರದ ಟಿಕ್ ಟಿಕ್‌ನಂಥ ಸದ್ದು ಕೇಳಿ, ಅದು ಮಗುವಿನ ಹೃದಯ ಎಂದು ವರದಿ ಮಾಡಿದ್ದರು.

ಹಾಗಾದರೆ ಪಿನಾರ್ ಮಾಡಿದ್ದೇನು? ಪ್ಯಾರಿಸ್ಸಿನಲ್ಲಿ ಟಾರ್ನಿಯೇ ಎಂಬ ಹೆಸರಾಂತ ಹೆರಿಗೆ ತಜ್ಞರ ಬಳಿ ಪಳಗಿದ ಅವರು, ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಮಲಗಿದೆ ಎಂದು ತಿಳಿಯುವ ವಿಧಾನದ ಬಗ್ಗೆ 1878ರಲ್ಲೇ ಪುಸ್ತಕ ಬರೆದರು. ಕೊಳವೆಗಿಂತ ಈ ಕೈವಿದ್ಯೆಯೇ ದೊಡ್ಡದು ಎಂದು ನಮಗನಿಸುತ್ತದೆ. ಏಕೆಂದರೆ ಬಡಿತ ಚೆನ್ನಾಗಿ ಕೇಳಿಸುವುದು ಸಾಮಾನ್ಯವಾಗಿ ಮಗುವಿನ ಬೆನ್ನಿನ ಕಡೆಯಿಂದ. ಬೆನ್ನು ಎಲ್ಲಿದೆ ಎಂದು ಕೈಗೆ ಗೊತ್ತಾಗದಿದ್ದರೆ ಕಿವಿ ಸುಮ್ಮನೆ ಹುಡುಕಾಡುತ್ತದೆ. 1889ರಲ್ಲಿ ಪ್ರಾಧ್ಯಾಪಕರಾಗಿ, ಬೋದ್‌ಲೋಕ್ ಹೆರಿಗೆ ಆಸ್ಪತ್ರೆಯ ಹೊಣೆ ಹೊತ್ತ ಮೇಲೆ ಈ ವಿದ್ಯೆಯನ್ನು ತಲೆಮಾರುಗಳಿಗೆ ಕಲಿಸಿದರು.

ಕೇಳಬೇಕಾದದ್ದೇನು? ನೋವು ಬಂದಾಗ ಗರ್ಭಕೋಶ ಬಿಗಿಯುತ್ತದೆ, ಮಾಸಿಗೆ ಹರಿಯುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ಗಟ್ಟಿಯಾಗಿರುವ ಮಗು ತಡೆದುಕೊಳ್ಳುತ್ತದೆ. ತಲೆ ಒತ್ತಿದಾಗ ಬಡಿತ ತುಸು ಇಳಿದು, ನೋವಿನ ಜೊತೆಗೇ ಸರಿಹೋದರೆ ಸಾಮಾನ್ಯವಾಗಿ ಗಾಬರಿ ಬೇಡ. ನೋವು ನಿಂತ ಮೇಲೂ ಬಡಿತ ತಗ್ಗಿಯೇ ಇದ್ದು, ಮತ್ತೆ ಮತ್ತೆ ಹಾಗೇ ಆದರೆ ಆಮ್ಲಜನಕ ಸಾಲುತ್ತಿಲ್ಲದಿರಬಹುದು. ಅದಕ್ಕೇ ನೋವು ಕಳೆದ ಕೂಡಲೇ ಕನಿಷ್ಠ ಒಂದು ನಿಮಿಷ ಎಣಿಸಬೇಕು: ಹೆರಿಗೆಯ ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮಗುವನ್ನು ಹೊರತಳ್ಳುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ. ಜೊತೆಗೆ ತಾಯಿಯ ನಾಡಿಯನ್ನೂ ಹಿಡಿದಿರಬೇಕು, ಇಲ್ಲವಾದರೆ ತಾಯಿಯ ಬಡಿತವನ್ನೇ ಮಗುವಿನದೆಂದು ಎಣಿಸುವ ಅಪಾಯವಿದೆ.

ಪಿನಾರ್ ಹೆರಿಗೆ ಕೋಣೆಗೇ ಅಂಟಿಕೊಳ್ಳಲಿಲ್ಲ. ಹೆರಿಗೆಗೆ ಮುಂಚೆ ವಿಶ್ರಾಂತಿ ಸಿಕ್ಕ ಹೆಂಗಸರ ಮಕ್ಕಳು, ಕೊನೆಯವರೆಗೂ ದುಡಿದವರ ಮಕ್ಕಳಿಗಿಂತ ಹೆಚ್ಚು ತೂಕವಿರುತ್ತವೆ ಎಂದು 1895ರಲ್ಲೇ ಲೆಕ್ಕ ಸಮೇತ ತೋರಿಸಿದರು. ಫ್ರಾನ್ಸಿನಲ್ಲಿ ಹೆರಿಗೆ ವಿಶ್ರಾಂತಿಯ ಕಾನೂನು ಬಂದದ್ದು 1913ರಲ್ಲಿ. (ಭಾರತದ ಕಾಯ್ದೆ ಬಂದದ್ದು 1961ರಲ್ಲಿ. ಆಲೂಗಡ್ಡೆ ಹೊಲದಲ್ಲಿ ದಿನಗೂಲಿ ಮಾಡುವ ಬಸುರಿಗೆ ಸಂಬಳದ ರಜೆ ಇವತ್ತಿಗೂ ದೂರದ ಮಾತು.) ಇದೇ ಮನುಷ್ಯ ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಎಂದು ತೀರ್ಮಾನಿಸಲು ಹೊರಟ ಸುಜನನ ಚಳವಳಿಯ ಮುಂದಾಳುಗಳಲ್ಲೂ ಒಬ್ಬರಾಗಿದ್ದರು. ಸಂಸತ್ತಿನಲ್ಲಿದ್ದಾಗ, ಮದುವೆಗೆ ಮುನ್ನ ವೈದ್ಯಕೀಯ ಸರ್ಟಿಫಿಕೇಟ್ ಬೇಕೆಂಬ ಮಸೂದೆ ಮಂಡಿಸಿದರು. ಅವರನ್ನು ಹೊಗಳುವ ಬರಹಗಳು ಈ ಭಾಗವನ್ನು ಮೆಲ್ಲನೆ ದಾಟಿಹೋಗುತ್ತವೆ, ನಾವು ದಾಟುವುದಿಲ್ಲ. 1934ರಲ್ಲಿ, 90ರ ವಯಸ್ಸಿನಲ್ಲಿ, ಹುಟ್ಟೂರಿನಲ್ಲೇ ತೀರಿಕೊಂಡರು.

1960ರ ದಶಕದಲ್ಲಿ ಬಡಿತವನ್ನು ಸತತವಾಗಿ ಕಾಗದದ ಮೇಲೆ ಗೀಚುವ ಸಿಟಿಜಿ ಯಂತ್ರ ಬಂತು. ಕೊಳವೆಯ ಕಾಲ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಆದರೆ ಎರಡನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸತತ ಸಿಟಿಜಿಯಿಂದ ನವಜಾತ ಶಿಶುಗಳಲ್ಲಿ ಫಿಟ್ಸ್ ಕಡಿಮೆಯಾದವು ನಿಜ, ಸಾವುಗಳಾಗಲಿ ಸೆರೆಬ್ರಲ್ ಪಾಲ್ಸಿಯಾಗಲಿ ಕಡಿಮೆಯಾದದ್ದು ಕಾಣಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಿತು. ಒಂದೇ ಪಟ್ಟಿಯನ್ನು ಇಬ್ಬರು ಡಾಕ್ಟರು ಎರಡು ಥರ ಓದುವುದೂ ಉಂಟು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೊಂದರೆಯಿಲ್ಲದ ಹೆರಿಗೆಗೆ ಡಾಪ್ಲರ್ ಅಥವಾ ಪಿನಾರ್ ಕೊಳವೆಯಿಂದ ಆಗಾಗ ಕೇಳುವುದನ್ನೇ ಶಿಫಾರಸು ಮಾಡಿತು. ಬಿಪಿ, ರಕ್ತಸ್ರಾವ, ಮಗುವಿನ ಬೆಳವಣಿಗೆ ಕುಂಠಿತವಾಗಿರುವಂಥ ತೊಂದರೆ ಇದ್ದವರ ವಿಷಯ ಬೇರೆ, ಅವರಿಗೆ ಸಿಟಿಜಿ ಬೇಕಾಗಬಹುದು.

ಹೀಗಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಬೆಲ್ಟ್ ಕಟ್ಟಲಿಲ್ಲ ಎಂದು ಜಗಳಕ್ಕೆ ನಿಲ್ಲಬೇಡಿ, ಎಷ್ಟು ಹೊತ್ತಿಗೊಮ್ಮೆ ಬಡಿತ ನೋಡುತ್ತಿದ್ದಾರೆ ಎಂದು ಕೇಳಿ. ಬಡಿತ ಸರಿಯಿಲ್ಲ, ಹಾಸನದ ಹಿಮ್ಸ್‌ಗೆ ಕರೆದುಕೊಂಡು ಹೋಗಿ ಎಂದರೆ ಊರಲ್ಲಿ ಯಾರನ್ನೋ ವಿಚಾರಿಸುತ್ತ ಕೂರಬೇಡಿ, ತಕ್ಷಣ 108ರಲ್ಲಿ ಹೊರಡಿ. ಇನ್ನು ಮಗುವಿನ ಮಿಸುಕಾಟ ಕಡಿಮೆಯಾಗಿದೆ ಎನಿಸಿದಾಗ ಮೊಬೈಲ್ ಆ್ಯಪ್‌ನಲ್ಲೋ ಆನ್‌ಲೈನ್‌ನಲ್ಲಿ ತರಿಸಿದ ಡಾಪ್ಲರ್‌ನಲ್ಲೋ ಬಡಿತ ಕೇಳಿ ಸಮಾಧಾನಪಟ್ಟುಕೊಳ್ಳಬೇಡಿ. ಅದೇ ದಿನ, ರಾತ್ರಿಯಾಗಿದ್ದರೂ, ಆಸ್ಪತ್ರೆಗೆ ಹೋಗಿ.