ಬಿಗ್ ಬೆನ್ ಗೋಪುರದ ಡ್ರಾಯಿಂಗ್ ಬರೆದವನು

ಬಿಗ್ ಬೆನ್ ಅಂದ ತಕ್ಷಣ ಲಂಡನ್ನಿನ ಗಡಿಯಾರದ ಗೋಪುರ ಕಣ್ಮುಂದೆ ಬರುತ್ತೆ. (ಅದು ನಿಜವಾಗಿ ಒಳಗಿನ ದೊಡ್ಡ ಗಂಟೆಯ ಹೆಸರು, ಇರಲಿ ಬಿಡಿ.) ಆ ಗೋಪುರದ ಡಿಸೈನ್ ಯಾರದ್ದು ಅಂತ ಕೇಳಿದ್ರೆ ಮಾತ್ರ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ತೀವಿ. ಅದು ಅಗಸ್ಟಸ್ ಪ್ಯೂಜಿನ್‌ನದ್ದು.

ಹುಟ್ಟಿದ್ದು 1812ರಲ್ಲಿ, ಲಂಡನ್ನಿನಲ್ಲಿ. ಫ್ರಾನ್ಸಿನಿಂದ ಬಂದಿದ್ದ ಅಪ್ಪ ಹಳೇ ಗಾಥಿಕ್ ಕಟ್ಟಡಗಳನ್ನು ಅಳೆದು ಚಿತ್ರ ಬರೆಯುತ್ತಿದ್ದರು. ಮಗನಿಗೂ ಅದೇ ಪಾಠಶಾಲೆ. ಹದಿನೈದನೇ ವಯಸ್ಸಿಗೇ ವಿಂಡ್ಸರ್ ಅರಮನೆಗೆ ಪೀಠೋಪಕರಣ ಡಿಸೈನ್ ಮಾಡಿದ!

1834ರ ಅಕ್ಟೋಬರಿನಲ್ಲಿ ಲೆಕ್ಕ ಇಡೋಕೆ ಬಳಸುತ್ತಿದ್ದ ಹಳೇ ಮರದ ಕಡ್ಡಿಗಳನ್ನು ಒಲೆಗೆ ಹಾಕಲು ಹೋಗಿ ಬ್ರಿಟನ್ನಿನ ಸಂಸತ್ ಭವನವೇ ಸುಟ್ಟುಹೋಯ್ತು. ಹೊಸ ಭವನಕ್ಕೆ ಸ್ಪರ್ಧೆ ಕರೆದರು, 97 ಪ್ಲಾನ್ ಬಂದವು. ಗೆದ್ದವರು ಚಾರ್ಲ್ಸ್ ಬ್ಯಾರಿ. ಆ ನಕ್ಷೆಗಳ ಗಾಥಿಕ್ ಕುಸುರಿಯನ್ನು ಬರೆದುಕೊಟ್ಟಿದ್ದು ಪ್ಯೂಜಿನ್, ಆಗವನಿಗೆ ಇಪ್ಪತ್ಮೂರು. ಇಷ್ಟು ದೊಡ್ಡ ಕಟ್ಟಡದ ಪ್ಲಾನ್ ಹಾಕಿ, ದಶಕಗಟ್ಟಲೆ ನಿಂತು ಕಟ್ಟಿಸಿದ್ದು ಬ್ಯಾರಿಯೇ, ಅದನ್ನು ಕಡಿಮೆ ಮಾಡಿ ಹೇಳೋದು ತಪ್ಪು. ಆದರೆ 1844ರಿಂದ ಒಳಗಿನ ಸಿಂಹಾಸನ, ಟೈಲ್ಸ್, ವಾಲ್‌ಪೇಪರ್, ಕೊನೆಗೆ ಮಸಿ ಕುಡಿಕೆವರೆಗೂ ಪ್ಯೂಜಿನ್‌ನ ಪೆನ್ಸಿಲ್ಲೇ ಓಡಿದ್ದು.

ಇದರ ಮಧ್ಯೆ ಸಾಲು ಸಾಲು ಚರ್ಚ್‌ಗಳು. 1846ರಲ್ಲಿ ಮುಗಿದ ಚೀಡಲ್ ಊರಿನ ಸೇಂಟ್ ಜೈಲ್ಸ್ ಚರ್ಚಿನ ಶಿಖರ ಸುಮಾರು 200 ಅಡಿ, ಒಳಗೆ ಗೋಡೆ ತುಂಬಾ ಬಣ್ಣ, ಚಿನ್ನದ ಲೇಪ. ಮೈಸೂರಿನ ಸೇಂಟ್ ಫಿಲೋಮಿನಾ ನೋಡಿದವರಿಗೆ ಮೊನಚು ಕಮಾನು, ಎತ್ತರದ ಶಿಖರದ ಈ ಶೈಲಿ ಹೊಸದಲ್ಲ. ಆದರೆ ಪ್ಯೂಜಿನ್‌ಗೆ ಅದು ಬರೀ ಶೈಲಿ ಆಗಿರಲಿಲ್ಲ. 1841ರ ಪುಸ್ತಕದಲ್ಲಿ ಆತ ವಾದಿಸಿದ್ದು: ಕಟ್ಟಡದಲ್ಲಿ ಬೇಡದ ಭಾಗ ಇರಬಾರದು, ರಚನೆಯನ್ನು ಮುಚ್ಚಿಡಬಾರದು, ಅಲಂಕಾರ ಏನಿದ್ರೂ ಆ ರಚನೆಯ ಮೇಲೇ ಬರಬೇಕು. ನಮ್ಮ ಸಿವಿಲ್‌ನವರು ಒಪ್ಪೋ ಮಾತೇ.

1852ರಲ್ಲಿ ಗಡಿಯಾರ ಗೋಪುರದ ಡ್ರಾಯಿಂಗ್ ಬಂತು. ಅದು ಹೆಚ್ಚುಕಡಿಮೆ ಕೊನೇ ಕೆಲಸ. ಅದೇ ವರ್ಷ ಬುದ್ಧಿ ಸ್ಥಿಮಿತ ತಪ್ಪಿ ಬೆಡ್ಲಂ ಆಸ್ಪತ್ರೆ ಸೇರಿದ, ಸೆಪ್ಟೆಂಬರಿನಲ್ಲಿ ತೀರಿಕೊಂಡ. ವಯಸ್ಸು ಬರೀ ನಲವತ್ತು. ಬ್ಯಾರಿಗೆ ಸರ್ ಪದವಿ ಸಿಕ್ಕಿದ್ದೂ ಅದೇ ವರ್ಷ.

ಗೋಪುರ 1859ರಲ್ಲಿ ಮುಗಿಯಿತು. 1867ರಲ್ಲಿ ಮಗ ಎಡ್ವರ್ಡ್ ಕಿರುಹೊತ್ತಿಗೆ ಅಚ್ಚು ಹಾಕಿಸಿ, ಆ ಭವನದ ಕಲೆ ನಮ್ಮಪ್ಪನದ್ದು ಅಂತ ಜಗಳ ತೆಗೆದ. ಬ್ಯಾರಿಯ ಮಗ ಆಲ್ಫ್ರೆಡ್ ಸುಮ್ಮನಿರಲಿಲ್ಲ, ಉತ್ತರ ಬರೆದು ಅಚ್ಚು ಹಾಕಿಸಿದ.