ಹೆನ್ರಿ ಕ್ಯಾವೆಂಡಿಶ್‌ಗೆ ಆಟಿಸಂ ಇತ್ತೇ?

ಭೂಮಿಯನ್ನು ತೂಗಿದ ವಿಜ್ಞಾನಿ ಎಂದೇ ಹೆಸರಾದ ಹೆನ್ರಿ ಕ್ಯಾವೆಂಡಿಶ್ ಈಗೀಗ ಇನ್ನೊಂದು ಪಟ್ಟಿಯಲ್ಲೂ ಕಾಣಿಸಿಕೊಳ್ಳುತ್ತಾರೆ: ಆಟಿಸಂ ಇದ್ದ ಪ್ರಸಿದ್ಧರ ಪಟ್ಟಿ. ಇದು ನಿಜವೇ? ಮೊದಲು ಅವರ ಬದುಕನ್ನು ನೋಡೋಣ.

ಕ್ಯಾವೆಂಡಿಶ್ ಹುಟ್ಟಿದ್ದು 1731ರಲ್ಲಿ, ಇಂಗ್ಲೆಂಡಿನ ದೊಡ್ಡ ಸಿರಿವಂತ ಮನೆತನದಲ್ಲಿ. ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. 1749ರಲ್ಲಿ ಕೇಂಬ್ರಿಡ್ಜ್ ಸೇರಿ, ಪದವಿ ಪಡೆಯದೆಯೇ ಹೊರಬಂದರು. ಆಮೇಲೆ ಐವತ್ತು ದಾಟುವವರೆಗೂ ತಂದೆಯ ಮನೆಯಲ್ಲೇ ಇದ್ದರು. ಜಲಜನಕವನ್ನು ಬೇರೆಯೇ ಒಂದು ಅನಿಲವೆಂದು 1766ರಲ್ಲಿ ಗುರುತಿಸಿದ್ದು, ಅದು ಉರಿದಾಗ ನೀರು ಉಂಟಾಗುತ್ತದೆ ಎಂದು ಮುಂದೆ ತೋರಿಸಿದ್ದು ಇವರೇ.

ಜನರೆಂದರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಊಟಕ್ಕೆ ಏನು ಬೇಕೆಂದು ಚೀಟಿ ಬರೆದಿಡುತ್ತಿದ್ದರಂತೆ. ಕೆಲಸದ ಹೆಂಗಸರು ಎದುರಾಗದಿರಲಿ ಎಂದು ಮನೆಯ ಹಿಂದೆ ಬೇರೆ ಮೆಟ್ಟಿಲು ಕಟ್ಟಿಸಿದರಂತೆ. ಬಟ್ಟೆಯೂ ಹಳೆಯ ಕಾಲದ್ದೇ. ಆದರೆ ರಾಯಲ್ ಸೊಸೈಟಿ ಗೆಳೆಯರ ಗುರುವಾರದ ಊಟಕ್ಕೆ ದಶಕಗಳ ಕಾಲ ಹೋಗುತ್ತಿದ್ದರು ಎಂಬುದನ್ನು ಪಟ್ಟಿ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಭೂಮಿ ತೂಗಿದ ಕತೆ ಇನ್ನೂ ಸೊಗಸು. ಆಗ ಅವರಿಗೆ ಅರವತ್ತಾರು ವರ್ಷ. ಜಾನ್ ಮಿಚೆಲ್ ಎಂಬ ಪಾದ್ರಿ ತಯಾರಿಸಿದ್ದ ಸಾಧನವನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿ, ಸುಮಾರು 158 ಕಿಲೋ ತೂಕದ ಎರಡು ಸೀಸದ ಗುಂಡುಗಳು ತೂಗುಬಿಟ್ಟ ಪುಟ್ಟ ಗುಂಡುಗಳನ್ನು ಎಷ್ಟು ಸೆಳೆಯುತ್ತವೆ ಎಂದು ಅಳೆದರು. ತಮ್ಮ ಮೈಯ ಬಿಸಿಗೆ ಎದ್ದ ಗಾಳಿಯೂ ಲೆಕ್ಕ ಕೆಡಿಸೀತೆಂದು ಕೋಣೆಯ ಹೊರಗೆ ನಿಂತು ದೂರದರ್ಶಕದಿಂದ ನೋಡಿದರು! 1798ರಲ್ಲಿ ಪ್ರಕಟಿಸಿದ ಉತ್ತರ: ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು. ಇಂದಿನ ಅಳತೆ 5.51.

ನರವೈದ್ಯ ಆಲಿವರ್ ಸ್ಯಾಕ್ಸ್ 2001ರಲ್ಲಿ ಈ ವಿವರಗಳನ್ನು ಒಟ್ಟುಗೂಡಿಸಿ, ಕ್ಯಾವೆಂಡಿಶ್‌ಗೆ ಆಸ್ಪರ್ಜರ್ ಲಕ್ಷಣಗಳಿದ್ದಿರಬಹುದು ಎಂದು ಬರೆದರು. ನಮಗೂ ಇದು ಒಪ್ಪುವಂಥ ಊಹೆ ಎನಿಸುತ್ತದೆ. ಆದರೆ ಅದು ಊಹೆಯೇ. ಆಟಿಸಂ ಎನ್ನಲು ಲಕ್ಷಣಗಳು ಎಳವೆಯಿಂದಲೇ ಇರಬೇಕು. ಕ್ಯಾವೆಂಡಿಶ್ ಬಾಲ್ಯದ ಬಗ್ಗೆ ನಮಗೆ ಸಿಗುವುದು ತೀರಾ ಕಡಿಮೆ.

ಹಾಗಾದರೆ ತಂದೆತಾಯಿ ಇಲ್ಲದ, ಅಥವಾ ಮನೆಯವರೊಂದಿಗೆ ಸಂಬಂಧವೇ ಉಳಿಯದ ವಯಸ್ಕರ ಪಾಡೇನು? ಮನೆಯವರು ಬಾರದೆ ತಪಾಸಣೆ ಆಗುವುದೇ ಇಲ್ಲ ಎಂಬ ಮಾತು ತಪ್ಪು. ಮನೆಯವರ ಮಾತು ಸಿಕ್ಕರೆ ಒಳ್ಳೆಯದು, ನಿಜ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಅದನ್ನು ಸಾಧ್ಯವಾದರೆ ಎಂದಷ್ಟೇ ಕೇಳುತ್ತದೆ. ಸಂಗಾತಿಯೋ ಬೇರೆ ಪರಿಚಿತರೋ ಹೇಳಬಹುದು, ಹಳೆಯ ಶಾಲಾ ವರದಿಗಳೂ ಆಗಬಹುದು. ಅಡಾಸ್ ಎಂಬ ಪರೀಕ್ಷೆಯಲ್ಲಂತೂ ತಜ್ಞರು ನೋಡುವುದು ಎದುರಿಗೆ ಕೂತ ವ್ಯಕ್ತಿಯನ್ನೇ. ಎಲ್ಲಕ್ಕಿಂತ ಮುಖ್ಯವಾಗಿ, ಶಾಲೆಯ ಗದ್ದಲ ಹೇಗಿತ್ತು, ಗೆಳೆಯರಿದ್ದರೇ, ಯಾವುದನ್ನು ಮುಟ್ಟಿದರೆ ಮೈ ಜುಮ್ಮೆನ್ನುತ್ತಿತ್ತು ಎಂದು ಆ ವ್ಯಕ್ತಿಯೇ ನೆನಪಿನಿಂದ ಹೇಳಬಲ್ಲರು. ಮಾಹಿತಿ ಕಡಿಮೆಯಿದ್ದರೆ ತಜ್ಞರು ಖಚಿತವಾಗಿ ಹೇಳಲಾಗದೆ ಹೋಗಬಹುದು. ಅದು ಆಟಿಸಂ ಇಲ್ಲ ಎಂದಂತಲ್ಲ. ಮನೆಯವರು ಬರುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಿಬಿಡುವುದು ಒಳ್ಳೆಯದು.

ಕ್ಯಾವೆಂಡಿಶ್‌ರನ್ನು ಹೀಗೆ ಕೇಳುವಂತಿಲ್ಲ. ಅವರು 1810ರಲ್ಲಿ ತೀರಿಕೊಂಡರು, ತಮ್ಮ ಫ್ರೆಡರಿಕ್ 1812ರಲ್ಲಿ. ಚೀಟಿಯ, ಮೆಟ್ಟಿಲಿನ ಕತೆಗಳನ್ನು ಜಾರ್ಜ್ ವಿಲ್ಸನ್ ಜೀವನಚರಿತ್ರೆಯಲ್ಲಿ ಪ್ರಕಟಿಸಿದ್ದು 1851ರಲ್ಲಿ.