ಎಡವಿ ತಿದ್ದಿಕೊಂಡ ಗೆಲಿಲಿಯೊ

ಪ್ರೌಢಶಾಲೆಯ ಚಲನೆಯ ಪಾಠವನ್ನು ಯಾರು ತಾನೇ ಮರೆತಾರು? ಮೂರು ಸಮೀಕರಣಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಯಾವುದನ್ನು ಹಾಕಬೇಕೆಂದು ತಿಳಿಯದೆ ತಲೆ ಕೆರೆದುಕೊಂಡವರೇ ನಮ್ಮಲ್ಲಿ ಹೆಚ್ಚು. ಆ ಪಾಠಕ್ಕೆ ಬುನಾದಿ ಹಾಕಿದ ಗೆಲಿಲಿಯೊ ಕೂಡ ಮೊದಲು ಎಡವಿದವನೇ.

ಗೆಲಿಲಿಯೊ ಗೆಲಿಲಿ 1564ರ ಫೆಬ್ರವರಿ 15ರಂದು ಇಟಲಿಯ ಪೀಸಾ ನಗರದಲ್ಲಿ ಜನಿಸಿದನು. ತಂದೆ ವಿನ್ಸೆಂಜೊ ಸಂಗೀತಗಾರ. ಮಗ ವೈದ್ಯನಾಗಲೆಂದು 1581ರಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿಸಿದನು. ಹುಡುಗನ ಮನಸ್ಸು ಗಣಿತದ ಕಡೆಗೆ ವಾಲಿತು. 1585ರಲ್ಲಿ ಪದವಿ ಪಡೆಯದೆಯೇ ಹೊರಬಂದನು. ಆದರೂ 1589ರಲ್ಲಿ ಅಲ್ಲಿಯೇ ಗಣಿತದ ಅಧ್ಯಾಪಕನಾದನು. ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ, ತಂಗಿಯ ವರದಕ್ಷಿಣೆಯ ಬಾಕಿ ಅವನ ಹೆಗಲಿಗೆ ಬಿದ್ದವು. 1592ರಲ್ಲಿ ಪಾದುವಾ ನಗರಕ್ಕೆ ಹೋಗಿ, ಮನೆಪಾಠವನ್ನೂ ಹೇಳುತ್ತಾ 18 ವರ್ಷ ದುಡಿದನು.

ಬೀಳುವ ವಸ್ತುವಿನ ವೇಗ ಹೇಗೆ ಹೆಚ್ಚುತ್ತದೆ ಎಂಬುದೇ ಅವನ ಪ್ರಶ್ನೆ. ಕೈಬಿಟ್ಟ ಕಲ್ಲು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನೆಲ ಸೇರುತ್ತದೆ. ಅಳೆಯಲು ಆಗ ತಕ್ಕ ಗಡಿಯಾರವಿರಲಿಲ್ಲ. ಅದಕ್ಕೇ ಸುಮಾರು 12 ಮೊಳದ ಮರದ ತೊಲೆಯಲ್ಲಿ ತೋಡು ಕೊರೆದು, ಓರೆಯಾಗಿ ನಿಲ್ಲಿಸಿ, ಕಂಚಿನ ಗುಂಡನ್ನು ಉರುಳಿಬಿಟ್ಟನು. ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನು ಲೆಕ್ಕ ಹಾಕಿದನು. ತೊಲೆಯ ಕಾಲು ಭಾಗ ಉರುಳಲು ಬೇಕಾದ ಕಾಲ, ಪೂರ್ತಿ ಉರುಳುವ ಕಾಲದ ಅರ್ಧ!

ದೂರ ಕಾಲದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆಂದು ಕಂಡರೂ, 1604ರಲ್ಲಿ ಅದಕ್ಕೆ ಅವನು ಕೊಟ್ಟ ಕಾರಣ ತಪ್ಪಾಗಿತ್ತು. ಕ್ರಮಿಸಿದ ದೂರಕ್ಕೆ ತಕ್ಕಂತೆ ವೇಗ ಏರುತ್ತದೆಂದು ಭಾವಿಸಿದ್ದನು. ಮುಂದೆ ತಾನೇ ತಿದ್ದಿಕೊಂಡನು: ವೇಗ ಏರುವುದು ಕಾಲಕ್ಕೆ ತಕ್ಕಂತೆ. ಸಮ ಕಾಲದಲ್ಲಿ ಸಮನಾಗಿ ಹೆಚ್ಚುವ ಈ ವೇಗವೇ ನಮ್ಮ ಪುಸ್ತಕದ ಏಕರೂಪ ವೇಗೋತ್ಕರ್ಷ.

ಲೋಕಿಕೆರೆಯ ಬಸ್ ನಿಲ್ದಾಣದಿಂದ ಹೊರಟ ಬೈಕಿನ ವೇಗ ಪ್ರತಿ ಸೆಕೆಂಡಿಗೂ 2 ಮೀ/ಸೆ ಹೆಚ್ಚುತ್ತಾ ಹೋಗಲಿ. ಸೆಕೆಂಡುಗಳ ಕೊನೆಗೆ ವೇಗ 2, 4, 6, 8. ಕ್ರಮಿಸಿದ ಒಟ್ಟು ದೂರ 1, 4, 9, 16 ಮೀಟರ್. ಒಂದೊಂದು ಸೆಕೆಂಡಿನ ದೂರವನ್ನೇ ಬಿಡಿಸಿ ನೋಡಿದರೆ 1, 3, 5, 7. ಈ ಬೆಸಸಂಖ್ಯೆಗಳ ಸಾಲನ್ನು ಗೆಲಿಲಿಯೊ ತನ್ನ ಇಳಿಜಾರಿನಲ್ಲಿ ಕಂಡಿದ್ದನು. 'ವಿ = ಯು + ಎಟಿ' ಎಂಬ ಅಕ್ಷರಗಳ ಬರಹ ಆಮೇಲಿನವರದು.

1609ರಿಂದ ದೂರದರ್ಶಕದಲ್ಲಿ ಆಕಾಶವನ್ನು ನೋಡಿ ಹೆಸರಾದನು. ಭೂಮಿ ಸೂರ್ಯನನ್ನು ಸುತ್ತುತ್ತದೆಂದು ವಾದಿಸಿದ್ದಕ್ಕೆ 1633ರಲ್ಲಿ ರೋಮಿನಲ್ಲಿ ವಿಚಾರಣೆ ನಡೆದು, ಕೊನೆಯವರೆಗೆ ಗೃಹಬಂಧನದಲ್ಲಿರಬೇಕಾಯಿತು. ಮರುವರ್ಷ ಅಕ್ಕರೆಯ ಮಗಳು ತೀರಿಕೊಂಡಳು. ಕಣ್ಣೂ ಹೋಯಿತು. ಆ ದಿನಗಳಲ್ಲೇ ಚಲನೆಯ ಹಳೆಯ ಟಿಪ್ಪಣಿಗಳನ್ನೆಲ್ಲ ಕೂಡಿಸಿ ಗ್ರಂಥವಾಗಿಸಿದನು. ಅದು 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. 1642ರ ಜನವರಿ 8ರಂದು ನಿಧನನಾದನು.

ಮೂವತ್ತು ವರ್ಷಕ್ಕೂ ಮೀರಿದ ಈ ದುಡಿಮೆಯನ್ನು ನಾವು ನಲವತ್ತು ನಿಮಿಷದ ಒಂದು ಪೀರಿಯಡ್‌ನಲ್ಲಿ ಮಕ್ಕಳ ಮುಂದಿಡುತ್ತೇವೆ. ಮೊದಲ ಸಲಕ್ಕೆ ಅರ್ಥವಾಗದ ಮಗುವನ್ನು ದಡ್ಡನೆನ್ನುವ ಮೊದಲು, ಒಂದು ಹಲಗೆ, ಒಂದು ಗೋಲಿ, ಒಂದು ಗಡಿಯಾರ ಅದರ ಕೈಗೆ ಕೊಡೋಣ.